ರಕ್ಷಿತ ಕೋತಿಗಳ ಆಶ್ರಯಧಾಮ: ದಿನಚರಿ, ಸ್ವಯಂಸೇವೆ ಮತ್ತು ದುರ್ಗದ ಸೀಮೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಲು ಬರುವವರನ್ನು ಮೊದಲಿಗೆ ಎದುರುಗೊಳ್ಳುವವು ಕೋತಿಗಳು. ಬಂಡೆಗಳ ನೆತ್ತಿ, ಬತೇರಿಗಳ ಅಂಚು, ಗುಡಿಗಳ ಗೋಪುರ ಎಲ್ಲವೂ ಅವುಗಳ ರಾಜ್ಯ. ಬರಿಗೈಯಲ್ಲಿ ಕೋಟೆಯ ಗೋಡೆ ಏರಿ ನಾಡಿನಾದ್ಯಂತ ಹೆಸರಾದ ಜ್ಯೋತಿರಾಜ್ ಅವರಿಗೆ ‘ಕೋತಿರಾಜ’ ಎಂಬ ಬಿರುದು ಸಂದದ್ದೂ ಇಲ್ಲಿಯೇ. ಕೋಟೆ ಬಿಟ್ಟು ಹೊರಬಂದರೆ ಹಿರಿಯೂರಿನ ಹೆದ್ದಾರಿ ಬದಿ, ಹೊಸದುರ್ಗದ ತೆಂಗಿನ ತೋಟ, ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿಯೂ ಇದೇ ಪ್ರಾಣಿ ಕಾಣಸಿಗುತ್ತದೆ. ಆದರೆ ಅಲ್ಲಿ ಅದಕ್ಕೆ ದೊರೆಯುವ ಸ್ವಾಗತವೇ ಬೇರೆ. ಕೋಟೆಯಲ್ಲಿ ಕಡಲೆಕಾಯಿ, ತೋಟದಲ್ಲಿ ಕವಣೆ ಕಲ್ಲು.

ಹೀಗೆ ಮನುಷ್ಯರ ನಡುವೆ ಬದುಕುವ ಕೋತಿಯೊಂದು ವಿದ್ಯುತ್ ತಂತಿಗೆ ತಗುಲಿ ಕೈ ಸುಟ್ಟುಕೊಂಡರೆ, ತಾಯಿ ಸತ್ತು ಮರಿ ಅನಾಥವಾದರೆ, ಮನೆಯಲ್ಲಿ ಮುದ್ದಿನಿಂದ ಸಾಕಿದವರಿಗೇ ಅದು ಬೇಡವಾದರೆ ಮುಂದೇನು? ಕೋತಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುವ, ಸಮಾಧಿಯ ಮೇಲೆ ಆಂಜನೇಯನ ಗುಡಿ ಕಟ್ಟುವ ಊರುಗಳು ನಮ್ಮಲ್ಲಿ ಹಲವು. ಬದುಕಿರುವಾಗ ಗಾಯಗೊಂಡ ಕೋತಿಗೆ ಅಂತಹ ಊರಿನಲ್ಲಿಯೂ ಏರ್ಪಾಡು ಇರುವುದಿಲ್ಲ. ಈ ಕೊರತೆಯನ್ನು ತುಂಬಲು ಹುಟ್ಟಿದ ಸಂಸ್ಥೆಯೇ ವಾನರಗಳ ಆಶ್ರಯಧಾಮ. ಅಲ್ಲಿನ ದಿನಚರಿ ಹೇಗಿರುತ್ತದೆ, ಸ್ವಯಂಸೇವಕರಾಗಬಯಸುವವರು ತಿಳಿದಿರಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಟೋಪಿ ತೊಟ್ಟ ನಮ್ಮೂರ ಕೋತಿ

ದುರ್ಗದ ಕೋತಿಯ ಶಾಸ್ತ್ರೀಯ ಹೆಸರು ಮಕಾಕ ರೇಡಿಯೇಟ, ಇಂಗ್ಲಿಷಿನ ಹೆಸರು ಬಾನೆಟ್ ಮಕಾಕ್. ನೆತ್ತಿಯ ಕೂದಲು ಸುಳಿಯಾಗಿ ಹರಡಿ ಟೋಪಿಯಿಟ್ಟಂತೆ ಕಾಣುವುದರಿಂದ ಈ ಹೆಸರು. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇದು ಸಹಜವಾಗಿ ನೆಲೆಸಿಲ್ಲ. ಉದ್ದ ಬಾಲದ ಕಪ್ಪು ಮೋರೆಯ ಮುಸುವ ಬೇರೆ, ಪಶ್ಚಿಮ ಘಟ್ಟದ ಸಿಂಗಳೀಕ ಬೇರೆ.

ಎಲ್ಲೆಲ್ಲೂ ಕಾಣುವ ಪ್ರಾಣಿಗೆ ಆಪತ್ತೇನು ಎಂದು ಓದುಗರು ಕೇಳಬಹುದು. ಮೈಸೂರು ಸುತ್ತಮುತ್ತಲಿನ ರಸ್ತೆಗಳಲ್ಲಿ ದಶಕಗಳ ಕಾಲ ನಡೆದ ಎಣಿಕೆಯನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, 25 ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇ 65ಕ್ಕೂ ಹೆಚ್ಚು ಕುಸಿದಿದೆಯೆಂದು ತಿಳಿಸಿತು. ರಸ್ತೆ ಅಗಲೀಕರಣಕ್ಕೆ ಬಲಿಯಾದ ಆಲ, ಅತ್ತಿ ಮೊದಲಾದ ಸಾಲುಮರಗಳೇ ಅವುಗಳ ಮನೆ ಹಾಗೂ ಊಟ ಎರಡೂ ಆಗಿದ್ದವು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಈ ಪ್ರಾಣಿಯನ್ನು 2020ರಲ್ಲಿ ‘ಅಪಾಯಕ್ಕೆ ಈಡಾಗಬಲ್ಲ’ ಪ್ರಭೇದಗಳ ಸಾಲಿಗೆ ಸೇರಿಸಿತು. ಮರ ಕಳೆದುಕೊಂಡ ಗುಂಪುಗಳು ಗುಡಿ, ಪ್ರವಾಸಿ ತಾಣ, ತೋಟಗಳ ಬಳಿ ಒತ್ತಾಗಿ ಸೇರುತ್ತವೆ. ಹೀಗಾಗಿ ಒಟ್ಟು ಸಂಖ್ಯೆ ಇಳಿಯುತ್ತಿದ್ದರೂ ಕಣ್ಣಿಗೆ ಬೀಳುವ ಸಂಖ್ಯೆ ಏರಿದಂತೆ ತೋರುತ್ತದೆ. ‘ಕೋತಿಗಳು ಮಿತಿಮೀರಿವೆ’ ಎಂಬ ಮಾತಿನ ಹಿಂದೆ ಈ ದೃಷ್ಟಿಭ್ರಮೆಯ ಪಾಲು ದೊಡ್ಡದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ರಕ್ಷಣೆ ನೀಡಿದೆ. ಇದನ್ನು ಮನೆಯಲ್ಲಿ ಸಾಕುವುದು, ಅನುಮತಿಯಿಲ್ಲದೆ ಸೆರೆಹಿಡಿಯುವುದು ಅಪರಾಧ. ಕೋತಿಯನ್ನು ಪಳಗಿಸಿ ಬೀದಿಯಲ್ಲಿ ಆಡಿಸುವುದನ್ನು ಕೇಂದ್ರ ಸರ್ಕಾರ 1998ರ ಅಧಿಸೂಚನೆಯಲ್ಲಿ ನಿಷೇಧಿಸಿತು. ಕರಡಿಗಳೂ ಅದೇ ಅಧಿಸೂಚನೆಯಲ್ಲಿದ್ದವು. ಕುಣಿಯುವ ಕರಡಿಗಳಿಗಾಗಿ ಬನ್ನೇರುಘಟ್ಟದಲ್ಲಿ 2005ರಲ್ಲಿ ಪ್ರತ್ಯೇಕ ರಕ್ಷಣಾ ಕೇಂದ್ರ ಆರಂಭವಾಯಿತು. ಕರಡಿ ಆಡಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯವನ್ನೂ ಒದಗಿಸಲಾಯಿತು. ಕೋತಿಗಳಿಗೆ ಅಷ್ಟರಮಟ್ಟಿನ ಅದೃಷ್ಟ ಒದಗಲಿಲ್ಲ.

ಆಶ್ರಯಕ್ಕೆ ಬರುವ ದಾರಿಗಳು

ಆಶ್ರಯಧಾಮಗಳನ್ನು ತಲುಪುವ ಪ್ರಾಣಿಗಳ ಹಿನ್ನೆಲೆ ಬಹುಪಾಲು ಒಂದೇ ತೆರನಾದುದು. ಟ್ರಾನ್ಸ್‌ಫಾರ್ಮರ್ ಅಥವಾ ತೆರೆದ ತಂತಿ ಮುಟ್ಟಿ ಸುಟ್ಟುಕೊಂಡವು, ವಾಹನಕ್ಕೆ ಸಿಕ್ಕವು, ನಾಯಿ ಕಚ್ಚಿದವು, ಸರಪಳಿಯಲ್ಲಿ ಬೆಳೆದವು. ಸತ್ತ ತಾಯಿಯ ಎದೆಗೆ ಅಂಟಿಕೊಂಡೇ ಸಿಗುವ ಮರಿಗಳ ಪಾಲೂ ಸಣ್ಣದಲ್ಲ. ಕಳ್ಳಸಾಗಣೆ ಮತ್ತೊಂದು ದಾರಿ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 78 ಪ್ರಾಣಿಗಳು ಪತ್ತೆಯಾದವು. ಅವುಗಳಲ್ಲಿದ್ದ 6 ಕ್ಯಾಪುಚಿನ್ ಕೋತಿಗಳೂ ಸತ್ತಿದ್ದವು.

ಎಲ್ಲಕ್ಕಿಂತ ಘೋರವಾದುದು 2021ರ ಜುಲೈ ಕೊನೆಯಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ಬೆಳಕಿಗೆ ಬಂದ ಘಟನೆ. ರಸ್ತೆ ಬದಿ ಎಸೆದಿದ್ದ ಚೀಲಗಳಲ್ಲಿ 38 ಕೋತಿಗಳ ಶವಗಳು ದೊರೆತವು. ಉಸಿರಾಡುತ್ತಿದ್ದ ಇನ್ನಷ್ಟು ಕೋತಿಗಳಿಗೆ ನೀರು ಕುಡಿಸಿದವರು ಸ್ಥಳೀಯ ಯುವಕರೇ. ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಬೆಳೆ ಕಳೆದುಕೊಂಡ ರೈತನ ಸಿಟ್ಟು ಅರ್ಥವಾಗುವಂಥದು. ಆದರೆ ಆ ಸಿಟ್ಟನ್ನು ಹಣಕ್ಕೆ ಕೋತಿ ಹಿಡಿಯುವವರ ಕೈಗೆ ಒಪ್ಪಿಸಿ, ಅವು ಎಲ್ಲಿಗೆ ಹೋದವೆಂದು ಕೇಳದೆ ಇರುವುದರ ಕೊನೆ ಇಂತಹ ಚೀಲಗಳೇ.

ಬೆಳಗಿನಿಂದ ಸಂಜೆಯವರೆಗೆ

ಆಶ್ರಯಧಾಮಕ್ಕೆ ಬಂದ ಪ್ರಾಣಿಯನ್ನು ತಕ್ಷಣ ಗುಂಪಿಗೆ ಸೇರಿಸುವುದಿಲ್ಲ. ಮೊದಲು ಕೆಲವು ವಾರ ಪ್ರತ್ಯೇಕವಾಸ. ಕ್ಷಯ, ಹೊಟ್ಟೆಹುಳು, ಚರ್ಮರೋಗಗಳ ತಪಾಸಣೆ ಆಗ ನಡೆಯುತ್ತದೆ. ಕ್ಷಯ, ದಡಾರ, ಶೀತಜ್ವರ ಮನುಷ್ಯರಿಂದ ಕೋತಿಗೆ ದಾಟಬಲ್ಲವು. ರೇಬಿಸ್ ಹಾಗೂ ಹರ್ಪಿಸ್ ಬಿ ವೈರಾಣು ಕಡಿತ, ಪರಚುಗಾಯಗಳಿಂದ ಮನುಷ್ಯರಿಗೆ ಬರಬಹುದು. ಆದುದರಿಂದ ಕೈಗವಸು, ಮುಖಗವಸು ಅಲ್ಲಿ ಅಲಂಕಾರವಲ್ಲ.

ದಿನ ಆರಂಭವಾಗುವುದು ಎಣಿಕೆಯಿಂದ. ಪ್ರತಿ ಆವರಣದಲ್ಲಿ ಎಷ್ಟು ತಲೆಗಳಿವೆ, ಯಾವುದು ಮೂಲೆ ಸೇರಿದೆ, ಯಾವುದು ರಾತ್ರಿಯ ಜಗಳದಲ್ಲಿ ಗಾಯಗೊಂಡಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಅನಂತರ ಸ್ವಚ್ಛತೆ. ಆವರಣಕ್ಕೆ ಎರಡು ಬಾಗಿಲುಗಳಿರುತ್ತವೆ. ಹೊರಗಿನದು ಮುಚ್ಚಿದ ಮೇಲೆಯೇ ಒಳಗಿನದು ತೆರೆಯಬೇಕು. ಪ್ರಾಣಿಗಳನ್ನು ಪಕ್ಕದ ಕೋಣೆಗೆ ಸಾಗಿಸಿ, ಉಳಿದ ಆಹಾರ ಗುಡಿಸಿ, ಸಗಣಿ ತೆಗೆದು, ನೆಲ ತೊಳೆದು, ನೀರಿನ ತೊಟ್ಟಿ ಉಜ್ಜುವುದರಲ್ಲಿ ಬೆಳಗಿನ ಅರ್ಧ ಕಳೆಯುತ್ತದೆ. ಕೋತಿಮರಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಕನಸಿನೊಂದಿಗೆ ಬಂದವರು ನಿರಾಶರಾಗುವುದು ಈ ಹಂತದಲ್ಲಿಯೇ!

ಆಹಾರದ ಕೋಣೆಯಲ್ಲಿ ಇನ್ನೊಂದು ಅಚ್ಚರಿ ಕಾದಿರುತ್ತದೆ. ಬಾಳೆಹಣ್ಣು ಅಲ್ಲಿ ಮುಖ್ಯ ಆಹಾರವಲ್ಲ. ಮಾರುಕಟ್ಟೆಯ ಹಣ್ಣುಗಳಲ್ಲಿ ಕಾಡಿನ ಹಣ್ಣಿಗಿಂತ ಸಕ್ಕರೆ ಹೆಚ್ಚು, ನಾರು ಕಡಿಮೆ. ಸೌತೆಕಾಯಿ, ಹುರುಳಿಕಾಯಿ, ಗೆಣಸು, ಸೊಪ್ಪು, ಮೊಳಕೆ ಕಾಳು, ಸಿಕ್ಕರೆ ಆಲ ಅತ್ತಿಯ ಕೊಂಬೆ, ಹುಣಸೆ ಚಿಗುರು ಇವೇ ಪ್ರಧಾನ. ಬಿಸ್ಕತ್ತು, ಚಿಪ್ಸುಗಳಿಗೆ ಪ್ರವೇಶವಿಲ್ಲ. ಎಲ್ಲವನ್ನೂ ಒಂದೇ ಕಡೆ ಸುರಿದರೆ ಗುಂಪಿನ ಯಜಮಾನ ಗಂಡು ಹಾಗೂ ಮೇಲಂತಸ್ತಿನ ಹೆಣ್ಣುಗಳು ಕೆನ್ನೆಯ ಚೀಲ ತುಂಬಿಸಿಕೊಂಡು, ಕೆಳಗಿನವು ಹಸಿದಿರುತ್ತವೆ. ಆದುದರಿಂದ ಆಹಾರವನ್ನು ಹಲವೆಡೆ ಚದುರಿಸುತ್ತಾರೆ, ಬಿದಿರಿನ ಗಳುವಿನೊಳಗೆ ಕಾಳು ತುಂಬಿಡುತ್ತಾರೆ, ಒಣ ಎಲೆಯ ರಾಶಿಯಲ್ಲಿ ಅಡಗಿಸುತ್ತಾರೆ. ಕಾಡಿನಲ್ಲಿ ದಿನದ ಬಹುಭಾಗ ಆಹಾರ ಹುಡುಕುವುದರಲ್ಲಿಯೇ ಕಳೆಯುವ ಪ್ರಾಣಿಗೆ ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬಿಬಿಟ್ಟರೆ, ಉಳಿದ ಹೊತ್ತು ತನ್ನ ಕೂದಲನ್ನೇ ಕಿತ್ತುಕೊಳ್ಳುತ್ತ, ಒಂದೇ ಜಾಗದಲ್ಲಿ ತೂಗಾಡುತ್ತ ಕೂರುತ್ತದೆ.

ಮರಿಗಳ ಕೋಣೆಯ ದಿನಚರಿ ಬೇರೆ. ತೀರ ಎಳೆಯ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಹಾಲು ಕುಡಿಸಬೇಕು. ಅದಕ್ಕೆ ಹಾಲಿನಷ್ಟೇ ಅಗತ್ಯವಾದುದು ಅವುಚಿಕೊಳ್ಳಲು ಏನಾದರೊಂದು. ಮಡಿಚಿದ ಟವೆಲು, ಕಂಬಳಿಯ ಉರುಳೆ ತಾಯಿಯ ಸ್ಥಾನ ತುಂಬುತ್ತದೆ. ಮನುಷ್ಯನೇ ತಾಯಿಯಾದರೆ ಮರಿ ಬದುಕುತ್ತದೆ, ಆದರೆ ಕೋತಿಯಾಗಿ ಬೆಳೆಯುವುದಿಲ್ಲ. ಯಾರಿಗೆ ದಾರಿ ಬಿಡಬೇಕು, ಯಾರ ಹೇನು ಹೆಕ್ಕಬೇಕು, ತುಟಿ ಚಪ್ಪರಿಸಿ ಶಾಂತಿ ಕೋರುವುದು ಹೇಗೆ ಎಂಬುದನ್ನು ಕಲಿಸಬಲ್ಲವರು ಕೋತಿಗಳು ಮಾತ್ರ. ದಕ್ಷಿಣ ಆಫ್ರಿಕದಲ್ಲಿ 1993ರಲ್ಲಿ ಆರಂಭವಾದ ವರ್ವೆಟ್ ಮಂಕಿ ಫೌಂಡೇಶನ್ ಅನಾಥ ಮರಿಗಳನ್ನು ಸಾಕುತಾಯಿ ಕೋತಿಗಳ ಮಡಿಲಿಗೆ ಸೇರಿಸುವ ಕ್ರಮವನ್ನು ರೂಢಿಸಿಕೊಂಡಿದೆ. ಜಾಲರಿಯ ಆಚೀಚೆ ಕೆಲ ದಿನ ಪರಿಚಯ, ಅನಂತರ ಸ್ವಲ್ಪ ಹೊತ್ತಿನ ಭೇಟಿ, ಹೆಣ್ಣು ಮರಿಯನ್ನು ಹೊಟ್ಟೆಗೆ ಅವುಚಿಕೊಂಡರೆ ಕೆಲಸ ಆದಂತೆ. ಆ ಬಳಿಕ ಅದುವರೆಗೆ ಹಾಲು ಕುಡಿಸಿದ ಸ್ವಯಂಸೇವಕ ಮರಿಯ ಕಣ್ಣಿಗೆ ಬೀಳದಂತೆ ದೂರ ಸರಿಯಬೇಕಾಗುತ್ತದೆ. ಈ ಸೇವೆಯಲ್ಲಿ ಅತ್ಯಂತ ಕಠಿಣವಾದ ಕೆಲಸ ಇದೇ ಎನ್ನಬಹುದು.

ಸ್ವಯಂಸೇವಕರಾಗುವ ಮುನ್ನ

ಉತ್ತಮ ಆಶ್ರಯಧಾಮಗಳ ನಿಯಮಗಳು ಎಲ್ಲೆಡೆ ಬಹುತೇಕ ಒಂದೇ. ಕ್ಷಯ ತಪಾಸಣೆಯ ವರದಿ ಹಾಗೂ ಲಸಿಕೆಯ ವಿವರ ಬೇಕು. ಶೀತ ಕೆಮ್ಮು ಇದ್ದ ದಿನ ಆವರಣದ ಬಳಿ ಸುಳಿಯಬಾರದು. ಓಲೆ, ಸರ, ಕನ್ನಡಕ ಜೋಪಾನ. ದೊಡ್ಡ ಕೋತಿಯ ಕಣ್ಣನ್ನು ನೆಟ್ಟು ನೋಡುವುದು ಸವಾಲು ಹಾಕಿದಂತೆ, ಹಲ್ಲು ಬಿಟ್ಟು ನಗುವುದನ್ನೂ ಅದು ತಪ್ಪಾಗಿ ಗ್ರಹಿಸಬಹುದು. ಮರಿಯನ್ನು ಹೆಗಲ ಮೇಲೆ ಕೂರಿಸಿಕೊಂಡ ಚಿತ್ರಗಳಿಗೂ ಅವಕಾಶವಿಲ್ಲ. ಅಂತಹ ಚಿತ್ರ ನೋಡಿದವರಿಗೆ ಕೋತಿ ಸಾಕುಪ್ರಾಣಿಯೆಂಬ ಭಾವನೆ ಮೂಡುತ್ತದೆಂದು ನಿಸರ್ಗ ಸಂರಕ್ಷಣಾ ಒಕ್ಕೂಟದ ವಾನರ ತಜ್ಞರ ಸಮಿತಿ 2021ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಹಣ ಪಡೆದು ಪ್ರವಾಸಿಗರ ಕೈಗೆ ಮರಿ ಕೊಡುವ ಸ್ಥಳ ಯಾವ ದೇಶದಲ್ಲಿದ್ದರೂ ಅದನ್ನು ಆಶ್ರಯಧಾಮವೆಂದು ಕರೆಯಲಾಗದು.

ಕರ್ನಾಟಕದಲ್ಲಿ ಈ ಅನುಭವ ಪಡೆಯಬಯಸುವವರಿಗೆ ಬೆಂಗಳೂರಿನ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಒಂದು ಬಾಗಿಲು. 1996ರಲ್ಲಿ ಆರಂಭವಾದ ಈ ಸಂಸ್ಥೆಗೆ ನಗರದ ಗಾಯಾಳು ಕೋತಿಗಳೂ ಬರುತ್ತವೆ. ದುರ್ಗದ ನಿವಾಸಿಗಳಿಗೆ ಹತ್ತಿರದ ಸಂಸ್ಥೆ ಜೋಗಿಮಟ್ಟಿ ಅರಣ್ಯದ ಮಗ್ಗುಲಲ್ಲಿರುವ ಆಡುಮಲ್ಲೇಶ್ವರ ಕಿರು ಮೃಗಾಲಯ. ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಡಿಯಲ್ಲಿರುವ ಇತರ ಮೃಗಾಲಯಗಳಂತೆ ಇಲ್ಲಿಯೂ ಪ್ರಾಣಿಗಳನ್ನು ದತ್ತು ಪಡೆದು ಪೋಷಣೆಯ ವೆಚ್ಚ ಭರಿಸುವ ಅವಕಾಶವಿದೆ. ಆದರೆ ಮೃಗಾಲಯದ ಉದ್ದೇಶ ಪ್ರದರ್ಶನ ಹಾಗೂ ಶಿಕ್ಷಣ. ಗಾಯ ಮಾಗಿಸಿ, ಗುಂಪು ಕಟ್ಟಿ, ಮರಳಿ ಕಾಡಿಗೆ ಕಳುಹಿಸುವ ಕೆಲಸದ ಜಾಯಮಾನವೇ ಬೇರೆ. ಕೋಟೆ, ಗುಡಿ, ತೋಟ, ಹೆದ್ದಾರಿಗಳಲ್ಲಿ ಇಷ್ಟೊಂದು ಕೋತಿಗಳಿರುವ ಜಿಲ್ಲೆಗೆ ಎರಡನೆಯದೂ ಬೇಕು.

ಹಿಡಿದು ಬಿಡುವುದು ಪುನರ್ವಸತಿಯಲ್ಲ

ಇಲ್ಲೊಂದು ಗೊಂದಲವನ್ನು ನಿವಾರಿಸಬೇಕಿದೆ. ಪಂಚಾಯಿತಿಗಳ ಮುಂದೆ ಬರುವ ಬೇಡಿಕೆ ಸಾಮಾನ್ಯವಾಗಿ ಒಂದೇ: ಕೋತಿಗಳನ್ನು ಹಿಡಿದು ದೂರದ ಕಾಡಿಗೆ ಬಿಡಿ. ಕಾಗದದ ಮೇಲೆ ಇದು ದಯೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಕೋತಿಯ ಗುಂಪೆಂದರೆ ಹೆಣ್ಣುಗಳ ಪೀಳಿಗೆಗಳು ಹೆಣೆದ ಸಂಸಾರ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಉಳಿಯುತ್ತವೆ. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಬೇರೆ ಗುಂಪು ಸೇರುತ್ತವೆ. ಬೋನಿಗೆ ಸಿಕ್ಕಷ್ಟನ್ನು ತುಂಬಿಕೊಂಡು ಹೋದಾಗ ಈ ಸಂಸಾರ ಒಡೆಯುತ್ತದೆ. ಬಿಟ್ಟ ಜಾಗದ ನೀರಿನ ಸೆಲೆ, ಹಣ್ಣಿನ ಮರ ಅವುಗಳಿಗೆ ತಿಳಿಯದು. ಊರಿನ ತಿನಿಸಿನ ರುಚಿ ಕಂಡವು ಹತ್ತಿರದ ಮತ್ತೊಂದು ಹಳ್ಳಿಗೆ ಇಳಿಯುತ್ತವೆ, ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬರುತ್ತದೆ. ಹೊಳಲ್ಕೆರೆಯಲ್ಲಿ ಹಿಡಿದದ್ದನ್ನು ಹೊಸದುರ್ಗದ ಗುಡ್ಡಕ್ಕೆ ಬಿಟ್ಟರೆ ಜಿಲ್ಲೆಯ ಲೆಕ್ಕದಲ್ಲಿ ಬದಲಾಗುವುದೇನೂ ಇಲ್ಲ.

ದೆಹಲಿಯ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿನ ಹೈಕೋರ್ಟ್ 2007ರಲ್ಲಿ ನಗರದ ರೀಸಸ್ ಕೋತಿಗಳನ್ನು ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಸಾಗಿಸಲು ಆದೇಶಿಸಿತು. ಸಾವಿರಾರು ಕೋತಿಗಳು ಅಲ್ಲಿಗೆ ಹೋದವು, ಹೊರಗಿನಿಂದ ಹಣ್ಣು ತರಕಾರಿ ಒದಗಿಸಲಾಯಿತು. ಆದರೂ ನಗರದ ತೊಂದರೆ ನಿಲ್ಲಲಿಲ್ಲ. ಹಿಮಾಚಲ ಪ್ರದೇಶ ಸಂತಾನಹರಣ ಚಿಕಿತ್ಸೆಯ ದಾರಿ ಹಿಡಿದು ಒಂದೂವರೆ ಲಕ್ಷಕ್ಕೂ ಹೆಚ್ಚು ಕೋತಿಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದೆ. ನಮ್ಮಲ್ಲಿ 2019–20ರ ವೇಳೆಗೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಾಗೋಡಿ ಬಳಿ ಮಂಗಗಳ ಉದ್ಯಾನದ ಪ್ರಸ್ತಾಪ ಬಂದಾಗ ಸ್ಥಳೀಯರೇ ವಿರೋಧಿಸಿದರು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಎಂಬುದನ್ನು ನೆನೆದರೆ ಅವರ ಆತಂಕವನ್ನು ತಳ್ಳಿಹಾಕಲಾಗದು.

ಆಶ್ರಯಧಾಮದ ಬಿಡುಗಡೆ ಹೀಗಲ್ಲ. ಗುಂಪಾಗಿ ಹೊಂದಿಕೊಂಡ, ರೋಗಮುಕ್ತವೆಂದು ಖಚಿತವಾದ, ಮನುಷ್ಯನನ್ನು ಕಂಡರೆ ದೂರ ಸರಿಯುವ ಪ್ರಾಣಿಗಳನ್ನು ಮಾತ್ರ, ಅರಣ್ಯ ಇಲಾಖೆಯ ಅನುಮತಿಯೊಂದಿಗೆ, ಆಹಾರ ನೀರು ಇರುವ ನೆಲೆಗೆ ಬಿಡಲಾಗುತ್ತದೆ. ಕೈ ಕತ್ತರಿಸಲ್ಪಟ್ಟವು, ವರ್ಷಗಟ್ಟಲೆ ಸರಪಳಿಯಲ್ಲಿದ್ದವು ಜೀವನಪೂರ್ತಿ ಅಲ್ಲಿಯೇ ಉಳಿಯುತ್ತವೆ. ಇವುಗಳ ಆಯುಷ್ಯ 20 ವರ್ಷ ದಾಟಬಲ್ಲದೆಂಬುದನ್ನು ಆಶ್ರಯಧಾಮ ತೆರೆಯಲು ಹೊರಟವರು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕು.

ಗಾಯಗೊಂಡ ಕೋತಿ ಕಂಡರೆ

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ತಂತಿಗೆ ತಗುಲಿದ ಪ್ರಾಣಿಯನ್ನು ವಿದ್ಯುತ್ ಕಡಿತವಾಗುವ ತನಕ ಮುಟ್ಟಬಾರದು. ಒಂಟಿ ಮರಿ ಕಂಡರೆ ತಕ್ಷಣ ಎತ್ತಿಕೊಳ್ಳದೆ ದೂರ ನಿಂತು ಕಾಯುವುದು ಒಳಿತು. ಗುಂಪು ಹತ್ತಿರದಲ್ಲಿದ್ದರೆ ಯಾವುದಾದರೊಂದು ಹೆಣ್ಣು ಬಂದು ಒಯ್ಯುವ ಸಾಧ್ಯತೆಯಿದೆ. ತಾಯಿ ಸತ್ತಿರುವುದು ಖಚಿತವಾಗಿ ಗುಂಪೂ ಹೊರಟುಹೋಗಿದ್ದರೆ ಮರಿಯನ್ನು ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಕತ್ತಲಲ್ಲಿ ಇರಿಸಬೇಕು. ಮೈ ತಣ್ಣಗಿರುವಾಗ ಹಸುವಿನ ಹಾಲು ಹನಿಸುವ ಆತುರ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕಚ್ಚಿಸಿಕೊಂಡವರು, ಪರಚಿಸಿಕೊಂಡವರು ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು.