ರೋಬೋ ದನಿಯ ಹಿಂದೆ ಒಂದು ಯುದ್ಧದ ಗುಟ್ಟು

ಹಾಡಿನ ನಡುವೆ ರೋಬೋ ಮಾತಾಡಿದಂಥ ದನಿ ಬಂದರೆ ನಾವೆಲ್ಲ ಅದು ಈಚಿನ ಕಂಪ್ಯೂಟರ್ ಕರಾಮತ್ತು ಅಂದುಕೊಳ್ಳುತ್ತೇವೆ. ಹಾಡು ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆಂದೇ ಇರುವ ಒಂದು ಎಫೆಕ್ಟ್‌ನ ಹೆಸರು ವೋಕೋಡರ್. ಆದರೆ ಇದು ಹುಟ್ಟಿದ್ದು ಹಾಡಿಗಲ್ಲ, ಟೆಲಿಫೋನಿಗೆ.

1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೋಮರ್ ಡಡ್ಲಿ ಈ ಕೆಲಸಕ್ಕೆ ಕೈಹಾಕಿದರು. ಮಾತಾಡುವಾಗ ಗಂಟಲು ಕೊಡುವುದು ಬರೀ ಶಬ್ದ. ಅದನ್ನು ಮಾತಾಗಿ ತಿದ್ದುವುದು ನಾಲಿಗೆ, ತುಟಿ, ದವಡೆ. ಗಂಟಲು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರಿದರೂ ಬಾಯಿ ಅಲುಗುವುದು ನಿಧಾನ. ಹಾಗಿದ್ದರೆ ಇಡೀ ದನಿಯನ್ನು ತಂತಿಯಲ್ಲಿ ಯಾಕೆ ಕಳಿಸಬೇಕು? ಬಾಯಿ ಹೇಗೆ ತಿದ್ದಿತು ಎಂಬ ಲೆಕ್ಕವನ್ನಷ್ಟೇ ಕಳಿಸೋಣ, ಆ ತುದಿಯಲ್ಲಿ ಯಂತ್ರವೇ ಶಬ್ದ ಹೊರಡಿಸಿ ಮಾತು ಕಟ್ಟಲಿ ಎಂಬುದು ಡಡ್ಲಿ ಯೋಚನೆ. ಇದರಿಂದ ಒಂದೇ ತಂತಿಯಲ್ಲಿ ಹೆಚ್ಚು ಕರೆಗಳು ಹೋಗಬಹುದಿತ್ತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಬ್ರಿಟನ್ ಪ್ರಧಾನಿ ಚರ್ಚಿಲ್ ಫೋನಿನಲ್ಲಿ ಆಡುತ್ತಿದ್ದ ಮಾತನ್ನು ಜರ್ಮನರು ಕದ್ದು ಕೇಳುತ್ತಿದ್ದರು. ಅದನ್ನು ತಪ್ಪಿಸಲು ವೋಕೋಡರ್ ಆಧಾರದ ಮೇಲೆ ಸಿಗ್‌ಸಾಲಿ ಎಂಬ ಯಂತ್ರ ಕಟ್ಟಿದರು. ತೂಕ 50 ಟನ್‌ಗೂ ಹೆಚ್ಚು. ಲಂಡನ್ನಿನ ಯಂತ್ರ ಇದ್ದದ್ದು ಸೆಲ್‌ಫ್ರಿಜಸ್ ಎಂಬ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ. 1943ರ ಜುಲೈ 15ರಂದು ಅಲ್ಲಿಗೂ ಅಮೆರಿಕದ ಪೆಂಟಗನ್‌ಗೂ ಮಾತು ಶುರುವಾಯಿತು.

ದನಿಯನ್ನು ಅಂಕಿಗಳಾಗಿಸಿ, ಗ್ರಾಮಫೋನ್ ತಟ್ಟೆಯಲ್ಲಿದ್ದ ಗದ್ದಲವನ್ನು ಅದರೊಳಗೆ ಬೆರೆಸಿ ಕಳಿಸುತ್ತಿದ್ದರು. ಎರಡೂ ಕಡೆ ಒಂದೇ ಥರದ ತಟ್ಟೆ ಇರುತ್ತಿತ್ತು, ಒಮ್ಮೆ ಬಳಸಿದ ಮೇಲೆ ನಾಶ ಮಾಡುತ್ತಿದ್ದರು. ಶತ್ರುವಿನ ಕಿವಿಗೆ ಬರೀ ಸುಯ್ ಎನ್ನುವ ಸದ್ದು. 1976ರವರೆಗೂ ಈ ಯಂತ್ರದ ವಿಷಯ ಗುಟ್ಟಾಗಿಯೇ ಇತ್ತು.

ಅದರಲ್ಲಿ ಒಂದು ಕೊರತೆ ಇತ್ತು. ಮಾತು ತಿಳಿಯುತ್ತಿತ್ತು, ಆಡಿದವರು ಯಾರೆಂದು ಗುರುತು ಹತ್ತುವುದು ಕಷ್ಟವಾಗಿತ್ತು. ಫೋನಿಗೆ ಕೊರತೆಯಾದದ್ದೇ ಸಂಗೀತಗಾರರಿಗೆ ಹಿಡಿಸಿತು. 1970ರಲ್ಲಿ ವೆಂಡಿ ಕಾರ್ಲೋಸ್ ಮತ್ತು ರಾಬರ್ಟ್ ಮೂಗ್ ಹಾಡಿಗೆಂದು ವೋಕೋಡರ್ ಕಟ್ಟಿದರು. ಮರುವರ್ಷದ 'ಎ ಕ್ಲಾಕ್‌ವರ್ಕ್ ಆರೆಂಜ್' ಸಿನಿಮಾದಲ್ಲಿ ಬೀಥೋವನ್ ಸಂಗೀತವನ್ನು ಆ ದನಿ ಹಾಡಿತು. 1974ರಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ 'ಆಟೋಬಾನ್' ಹಾಡಿನಲ್ಲಿ ಬಳಸಿತು.

ಇಂದಿನ ಸಾಫ್ಟ್‌ವೇರ್‌ನಲ್ಲೂ ಅದೇ ಲೆಕ್ಕ. ಎರಡು ಟ್ರ್ಯಾಕ್ ಬೇಕು: ಒಂದು ನಮ್ಮ ಮಾತು, ಇನ್ನೊಂದು ಗಂಟಲಿನ ಬದಲಿಗೆ ವಾದ್ಯದ ನಾದ. ಆ ನಾದ ತುಂಬಿಕೊಂಡಿರಬೇಕು. ಕೊಳಲಿನಂಥ ತೆಳು ದನಿ ಕೊಟ್ಟರೆ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ದನಿಯನ್ನು ಸೀಳುವ ಬ್ಯಾಂಡ್‌ಗಳು ಕಡಿಮೆಯಾದಷ್ಟೂ ರೋಬೋ, ಹೆಚ್ಚಾದಷ್ಟೂ ಮಾತು ತಿಳಿ.

ನಮ್ಮ ಕೈಯಲ್ಲಿರುವ ಮೊಬೈಲ್ ಕೂಡ ಕರೆಯಲ್ಲಿ ಇಡೀ ದನಿಯನ್ನು ಕಳಿಸುವುದಿಲ್ಲ. ಅದರ ಲೆಕ್ಕ ಕಳಿಸುತ್ತದೆ, ಆ ಕಡೆಯ ಫೋನ್ ದನಿಯನ್ನು ಮತ್ತೆ ಕಟ್ಟುತ್ತದೆ. ದೂರದೂರಿನಿಂದ ಮಗ ಕರೆ ಮಾಡಿ "ಅವ್ವಾ" ಅಂದ ಕೂಡಲೇ ಅವ್ವನಿಗೆ ಅವನ ಗುರುತು ಹತ್ತುತ್ತದಲ್ಲ, ಡಡ್ಲಿಯ ಯಂತ್ರದಲ್ಲಿ ಕಳೆದುಹೋಗಿದ್ದದ್ದು ಅದೇ. ಅದನ್ನು ಮರಳಿ ತರಲು ಎಂಜಿನಿಯರುಗಳಿಗೆ ದಶಕಗಳೇ ಹಿಡಿದವು.