ಪ್ರೌಢಶಾಲೆಯಲ್ಲಿ ಮಾನವ ಶರೀರದ ಅಧ್ಯಯನ

ಪ್ರೌಢಶಾಲೆಯಲ್ಲಿ ಮಾನವ ಶರೀರದ ಅಧ್ಯಯನ ಎಂದರೆ ಅಂಗಗಳ ರಚನೆಯನ್ನು ವಿವರಿಸುವ ಅಂಗರಚನಾಶಾಸ್ತ್ರ ಹಾಗೂ ಅವುಗಳ ಕಾರ್ಯವನ್ನು ತಿಳಿಸುವ ಶರೀರಕ್ರಿಯಾಶಾಸ್ತ್ರಗಳ ಪ್ರಾಥಮಿಕ ಬೋಧನೆ. ಕರ್ನಾಟಕದಲ್ಲಿ ಇದು ಪ್ರತ್ಯೇಕ ವಿಷಯವಲ್ಲ. 10ನೆಯ ತರಗತಿಯ ವಿಜ್ಞಾನ ಪಠ್ಯದ 'ಜೀವಕ್ರಿಯೆಗಳು', 'ನಿಯಂತ್ರಣ ಮತ್ತು ಸಹಭಾಗಿತ್ವ' ಮೊದಲಾದ ಅಧ್ಯಾಯಗಳಲ್ಲಿ ಅಡಕವಾಗಿದೆ.

ರಕ್ತಪರಿಚಲನೆಯು ಇದರಲ್ಲಿ ಕ್ಲಿಷ್ಟವಾದ ಭಾಗ. ಹೃದಯದ ಚಿತ್ರದಲ್ಲಿ ಬಲ ಹೃತ್ಕರ್ಣವು ಪುಟದ ಎಡಬದಿಗೆ ಬರುತ್ತದೆ, ಏಕೆಂದರೆ ಚಿತ್ರವನ್ನು ಎದುರಿಗೆ ನಿಂತ ವ್ಯಕ್ತಿಯ ದೇಹದಂತೆ ನೋಡಬೇಕು. ಅಪಧಮನಿಯೆಂದರೆ ಆಮ್ಲಜನಕಯುಕ್ತ ರಕ್ತವನ್ನು ಒಯ್ಯುವ ನಾಳ ಎಂಬ ಕಂಠಪಾಠದ ವ್ಯಾಖ್ಯೆಯೂ ಸಾಲದು. ಶ್ವಾಸಕೋಶಗಳಿಗೆ ಹೋಗುವ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕರಹಿತ ರಕ್ತ. ಹೃದಯದಿಂದ ಹೊರಕ್ಕೆ ಒಯ್ಯುವ ನಾಳವೇ ಅಪಧಮನಿ ಎಂಬುದು ಸರಿಯಾದ ವಿವರಣೆ.

ಪ್ರಯೋಗಗಳಿಗೆ ದುಬಾರಿ ಉಪಕರಣಗಳು ಬೇಕಿಲ್ಲ. ಎರಡು ಪ್ರನಾಳಗಳಲ್ಲಿ ಪಿಷ್ಟದ ದ್ರಾವಣವನ್ನು ತೆಗೆದುಕೊಂಡು ಒಂದಕ್ಕೆ ಮಾತ್ರ ಲಾಲಾರಸ ಬೆರೆಸಿ, 20–30 ನಿಮಿಷಗಳ ಬಳಿಕ ಎರಡಕ್ಕೂ ಅಯೋಡಿನ್ ಹನಿಸಿದರೆ, ಲಾಲಾರಸವಿಲ್ಲದ ಪ್ರನಾಳ ನೀಲಿಗಪ್ಪಾಗುತ್ತದೆ. ಇನ್ನೊಂದರಲ್ಲಿ ಅಮೈಲೇಸ್ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ವಿಭಜಿಸಿರುತ್ತದೆ. ನಿಶ್ವಾಸದ ಗಾಳಿಯಿಂದ ಸುಣ್ಣದ ತಿಳಿನೀರು ಹಾಲಿನಂತಾಗುವುದೂ ಪರಿಚಿತ ಪ್ರಯೋಗ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ನಿಜವಾದ ತೊಡಕು ಎದುರಾಗುವುದು ಪದವಿಪೂರ್ವ ಹಂತದಲ್ಲಿ. ಅಲ್ಲಿ ವಿಜ್ಞಾನವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬೋಧಿಸುವುದರಿಂದ ಯಕೃತ್ತು 'ಲಿವರ್' ಆಗಿ, ಮೇದೋಜೀರಕ ಗ್ರಂಥಿ 'ಪ್ಯಾಂಕ್ರಿಯಾಸ್' ಆಗಿ ಬದಲಾಗುತ್ತವೆ; ತಿಳಿದ ವಿಷಯವನ್ನೇ ಹೊಸ ಹೆಸರುಗಳಲ್ಲಿ ಮತ್ತೆ ಕಲಿಯಬೇಕಾಗುತ್ತದೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 720 ಅಂಕಗಳಲ್ಲಿ 360 ಜೀವವಿಜ್ಞಾನಕ್ಕೆ ಮೀಸಲು. ಆ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು.