ಉಪವಾಸದ ಮರೆಯಲ್ಲಿ

ನಮ್ಮ ಸೀಮೆಯ ಚಿಕ್ಕಪಡಸಲಗಿಯ ಬ್ಯಾರೇಜನ್ನು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕಟ್ಟಿದ್ದು 1989ರಲ್ಲಿ. ಮೈಮುರಿದು ದುಡಿಯುತ್ತಿದ್ದ ಆ ಕಾಲದಲ್ಲಿ ನಮ್ಮ ಕಡೆ ‘ಮೈಕೈ ತುಂಬಿಕೊಂಡಾಳ’ ಎಂದರೆ ಹುಡುಗಿಗೆ ಹೊಗಳಿಕೆ. ಜೋಳದ ಸೂಡು, ನೀರಿನ ಕೊಡ ಹೊರುವ ತೋಳಿಗೆ ಕಸುವು ಬೇಕಿತ್ತು. ಸೊರಗಿದವಳನ್ನು ಕಂಡರೆ ‘ಕಣಕಿ (ಒಣಗಿದ ಜೋಳದ ದಂಟು) ಆದಂಗ ಆಗ್ಯಾಳ’ ಎಂದು ಹಿರಿಯರು ಮರುಗುತ್ತಿದ್ದರು.

ಅಂಗನವಾಡಿ ಶಿಕ್ಷಕಿಯಾಗಿ ನಾನು ತೂಕ ಹಾಕುತ್ತಿದ್ದುದೂ ಸೊರಗಿದವರನ್ನು ಹುಡುಕಲಿಕ್ಕೇ. ಈಗ ಕಬ್ಬಿಣಾಂಶದ ಗುಳಿಗೆಗೆ ಬರುವ ಹುಡುಗಿಯರು ತಾವಾಗಿ ಮಷಿನ್ ಹತ್ತುತ್ತಾರೆ. ಮುಳ್ಳು ಇಳಿದಿದ್ದರೆ ಮುಖ ಅರಳುತ್ತದೆ. ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂಥ ನಾಡಿನ ಮಕ್ಕಳು ಇವರು.

ಮೈ ಅಳೆಯುವ ಕಣ್ಣು ನಮ್ಮಲ್ಲಿ ಮೊದಲೂ ಇತ್ತು. ಕನ್ಯಾ ನೋಡಲು ಬಂದವರು ಬಣ್ಣ, ಎತ್ತರ, ಜಡೆ ನೋಡಿ, ನಡೆಸಿ ನೋಡುತ್ತಿದ್ದರು. ಅದು ಕ್ರೂರವೇ. ಆದರೆ ಚಹಾ ಕುಡಿದು ಎದ್ದು ಹೋಗುತ್ತಿದ್ದರು. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ನಂಜುಂಡಸ್ವಾಮಿಯವರ ರೈತ ಸಂಘ ವಿರೋಧಿಸಿತು, ಈಜುಡುಗೆಯ ಸುತ್ತು ಸೀಶೆಲ್ಸ್‌ಗೆ ಹೋಯಿತು. ನಮಗದು ದೂರದ ಸುದ್ದಿ. ದೂರ ಅಳಿಸಿಹೋದದ್ದು 2020ರಲ್ಲಿ. ಶಾಲೆ ಮುಚ್ಚಿ, ಪಾಠಕ್ಕೆಂದು ಮನೆಯ ಮೊಬೈಲು ಹುಡುಗಿಯರ ಕೈಗೆ ಬಂತು. ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ ಜುಲೈಗೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಈಗ ನೋಡುವವರು ಎದ್ದು ಹೋಗುವುದೇ ಇಲ್ಲ.

ಪರದೆ ಮನೆಗೆ ಬಂದರೆ ಏನಾಗುತ್ತದೆಂಬುದು ಬೇರೆ ಕಡೆಯೂ ಕಂಡಿದೆ. ಫಿಜಿ ದ್ವೀಪದವರೂ ನಮ್ಮಂತೆ ತುಂಬಿದ ಮೈಯನ್ನೇ ಮೆಚ್ಚುತ್ತಿದ್ದರು. ಅಲ್ಲಿನ ನದ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಮೂರು ವರ್ಷದ ಮೇಲೆ ಆನ್ ಬೆಕರ್ ಎಂಬ ಸಂಶೋಧಕಿ ಶಾಲೆಯ ಹುಡುಗಿಯರನ್ನು ಕೇಳಿದಾಗ, ಶೇ. 11.3ರಷ್ಟು ಮಂದಿ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತಿದ್ದರು. ಟಿವಿ ಬಂದ ಹೊಸದರಲ್ಲಿ ಮೊದಲ ಸಲ ಕೇಳಿದಾಗ ಹಾಗೆಂದವರು ಒಬ್ಬರೂ ಇರಲಿಲ್ಲ.

ನಮ್ಮಲ್ಲಿ ತೂಕ ಇಳಿಸುವ ಈ ಗೀಳು ಬೇಗ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಊಟ ಬಿಡಲು ಗೌರವದ ದಾರಿಗಳಿವೆ: ಸೋಮವಾರ, ಗುರುವಾರ, ಏಕಾದಶಿ, ಶ್ರಾವಣ. ನಮ್ಮ ಓಣಿಯ ಒಬ್ಬ ಹುಡುಗಿ ಉಪವಾಸದ ವಾರಗಳನ್ನು ಹೆಚ್ಚಿಸುತ್ತ ಹೋದಳು. ಅವಳ ಭಕ್ತಿಗೆ ಅವ್ವ ಹಿಗ್ಗಿದಳು. ಮಗಳ ಮುಟ್ಟು ನಿಂತ ಮೇಲೆ ಗಾಬರಿಯಾಗಿ ಅವಳನ್ನು ಕರಕೊಂಡು ನನ್ನ ಹತ್ತಿರ ಬಂದಳು.

“ಯಕ್ಕಾ, ಇದು ದೇವರ ಉಪಾಸ ಅಲ್ಲ. ಡಾಕ್ಟರ್ ಕಡೆ ಕರಕೊಂಡು ಹೋಗೂಣು,” ಎಂದೆ. ಹುಡುಗಿ ಅತ್ತಳು, ಬೈಯಬೇಡವೆಂದು ಅವ್ವನಿಗೆ ಕಣ್ಸನ್ನೆ ಮಾಡಿದೆ. ಅಂದಿನಿಂದ ಗುಳಿಗೆ ಕೊಡುವಾಗ ಪ್ರತಿ ಹುಡುಗಿಗೂ ಕೇಳುತ್ತೇನೆ: ಮುಂಜಾನೆ ಏನು ತಿಂದಿ? ಮುಟ್ಟು ಸರಿಯಾಗಿ ಬರ್ತೈತೇನು?